ಹಿಂದಿನ ಸಾಲಿನ ದೇವರು

ನಮ್ಮ ಮನೆದೇವರು ಸತ್ತದ್ದು ಬಾವಲಿ ಕಚ್ಚಿ. ಹೀಗೆಂದರೆ ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ನೋಡಲಿ. ಮೊದಲಿನಿಂದ ಹೇಳುತ್ತೇನೆ, ಆಮೇಲೆ ಬೇಕಾದರೆ ನಗಿ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಗುಂಡ್ಲುಪೇಟೆಯಲ್ಲಿ ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲಿ ನಾನೂ ನನ್ನ ಗೆಳೆಯನೂ ಸೇರಿ ಒಂದು ಕಂಪ್ಯೂಟರ್ ಸೆಂಟರ್ ತೆರೆದಿದ್ದೆವು. ಟೈಪಿಂಗ್ ಕಲಿಸುವುದು, ಬಯೋಡಾಟಾ ಮಾಡಿಕೊಡುವುದು, ಮದುವೆ ಕಾಗದಕ್ಕೆ ಅಕ್ಷರ ಜೋಡಿಸುವುದು ನಮ್ಮ ಕೆಲಸ. ಗೆಳೆಯನ ಅಪ್ಪ ಪೇಟೆಯಲ್ಲಿ ಟೈಲರ್. ಅವರ ಮನೆಯಲ್ಲಿ ಉರ್ದು, ಬೀದಿಯಲ್ಲಿ ನಮ್ಮ ಕನ್ನಡ, ಬಾಳೆಕಾಯಿ ಲೋಡಿಗೆ ಬರುವ ಕೇರಳದವರ ಜೊತೆ ಮಲಯಾಳ. ಮೂರರಲ್ಲೂ ಅವನು ನನ್ನನ್ನು ಬೈಯುತ್ತಿದ್ದ. ನನ್ನ ಕೋಪಕ್ಕೆ ಅಷ್ಟು ಭಾಷೆ ಬೇಕಿತ್ತು ಅಂತ ಇಟ್ಟುಕೊಳ್ಳಿ.

ಮಧ್ಯಾಹ್ನ ಊಟವಾದ ಮೇಲೆ ಸೆಂಟರಿಗೆ ನರಪಿಳ್ಳೆಯೂ ಬರುತ್ತಿರಲಿಲ್ಲ. ಆ ಹೊತ್ತಿಗೆಂದೇ ಗೆಳೆಯ ಮೈಸೂರಿನಿಂದ ಒಂದು ಆಟದ ಸೀಡಿ ತಂದ. ಕತ್ತಿ, ಮಂತ್ರ, ರಾಕ್ಷಸರು, ಪಾಳುಬಿದ್ದ ಕೋಟೆ ಇರುವ ಯಾವುದೋ ಬೇರೆ ಲೋಕದ ಆಟ. ನಾವು ನಾಲ್ಕು ಜನರ ತಂಡ ಕಟ್ಟಬೇಕು, ಇಬ್ಬರು ಮುಂದಿನ ಸಾಲು, ಇಬ್ಬರು ಹಿಂದಿನ ಸಾಲು. ಜಗಳವೆಲ್ಲ ಸರದಿಯ ಪ್ರಕಾರ. ನಮ್ಮ ಸರದಿಯಲ್ಲಿ ನಾವು ಗುಂಡಿ ಒತ್ತುವ ತನಕ ಎದುರಿನ ರಾಕ್ಷಸ ಕೈ ಎತ್ತುವುದಿಲ್ಲ. ನಿಂತಲ್ಲೇ ಮೇಲೆ ಕೆಳಗೆ ಆಡುತ್ತಾ ಉಸಿರು ಬಿಡುತ್ತಾನೆ. ನಾವು ಒಳಗೆ ಹೋಗಿ ಮುದ್ದೆ ಉಂಡು ಬಂದರೂ ಹಾಗೇ ನಿಂತಿರುತ್ತಾನೆ. ಇಷ್ಟು ಮರ್ಯಾದಸ್ಥರನ್ನು ನಾನು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರನ್ನೂ ಕಂಡಿಲ್ಲ.

ಆಟ ಶುರುವಾಗುವಾಗ ನಾಯಕನಿಗೆ ಹೆಸರು ಕೇಳಿತು. ನಾನು ಮನೆದೇವರ ಹೆಸರು ಹೊಡೆದೆ. ಯೋಚಿಸಿ ಹೊಡೆದದ್ದಲ್ಲ. ನಮ್ಮ ಕಡೆ ಹೊಸದೇನು ಬಂದರೂ ಅದರ ಹಣೆ ಮೇಲೆ ಮನೆದೇವರ ಹೆಸರು ಬರೆಸುತ್ತಾರೆ. ಟ್ರ್ಯಾಕ್ಟರ್, ಆಟೋ, ಬೋರ್‌ವೆಲ್ಲಿನ ಮೋಟಾರು ಮನೆ, ಎಲ್ಲದಕ್ಕೂ. ಸೆಂಟರಿನ ಬೋರ್ಡಿನಲ್ಲೂ ಅದೇ ಹೆಸರಿತ್ತು. ಖಾಲಿ ಜಾಗ ಕಂಡರೆ ನನ್ನ ಕೈ ತಾನಾಗೇ ಅದನ್ನು ಬರೆಯುತ್ತಿತ್ತು. ಗೆಳೆಯ ಮಾತ್ರ ಹಣೆ ಚಚ್ಚಿಕೊಂಡ. ತಮ್ಮಲ್ಲಾದರೆ ಇಂಥ ಆಟದ ಗೊಂಬೆಗೆ ಹಿರಿಯರ ಹೆಸರನ್ನೂ ಇಡುವುದಿಲ್ಲ, ನೀನು ದೇವರನ್ನೇ ತಂದು ಕೂರಿಸಿದ್ದೀಯ ಎಂದ. ಅವನ ಆಳಿಗೆ ಅವನು ಇಟ್ಟ ಹೆಸರು ‘ಟೈಲರ್’.

ತೊಂದರೆ ಶುರುವಾದದ್ದು ಮೊದಲ ಜಗಳದಲ್ಲೇ. ನಾಯಕ ಅಂದಮೇಲೆ ಮುಂದಿನ ಸಾಲಿನಲ್ಲಿ ನಿಲ್ಲಬೇಕು, ಮುಂದಿನ ಸಾಲಿನವನಿಗೆ ಏಟು ಬೀಳುತ್ತದೆ. ಮನೆದೇವರಿಗೆ ಯಾರೋ ಕುಳ್ಳ ರಾಕ್ಷಸ ದೊಣ್ಣೆಯಲ್ಲಿ ಬಾರಿಸುವುದನ್ನು ನಾನು ನೋಡಿಕೊಂಡು ಕೂರಲೇ? ತೆಗೆದು ಹಿಂದಿನ ಸಾಲಿಗೆ ಹಾಕಿದೆ. ಆದರೆ ಆ ಆಟದಲ್ಲಿ ಹೊಡೆದವನಿಗೇ ಅನುಭವ, ಅನುಭವ ಬಂದವನಿಗೇ ಬಲ. ಟೈಲರ್ ದಿನದಿನಕ್ಕೆ ಬೆಳೆದು ಎಮ್ಮೆಯಷ್ಟಾದ. ದೇವರು ಹಿಂದೆ ಕೈಕಟ್ಟಿ ನಿಂತು, ಆಟ ಶುರುವಾದ ದಿನ ಇದ್ದಷ್ಟೇ ಇದ್ದ. ಸಾಲದ್ದಕ್ಕೆ ಆಟದೊಳಗೆ ಹಸಿವೂ ಇತ್ತು. ಕಾಡಿನಲ್ಲಿ ಸಿಗುತ್ತಿದ್ದದ್ದು ಸುಟ್ಟ ಮಾಂಸ. ನಮ್ಮ ದೇವರು ತಿನ್ನುವವನಲ್ಲ. ಊರು ಸಿಕ್ಕಾಗ ಒಂದಿಷ್ಟು ರೊಟ್ಟಿ ಕೊಡಿಸುತ್ತಿದ್ದೆ, ಉಳಿದಂತೆ ಉಪವಾಸ. ಗೆಳೆಯ ಇದನ್ನೆಲ್ಲ ನೋಡಿ, ನೀನು ಭಕ್ತನೋ ಶತ್ರುವೋ ಎಂದು ಕೇಳಿದ. ನನಗೆ ಮೈ ಉರಿಯಿತು, ಅವತ್ತು ಅವನಿಗೆ ಟೀ ಕೊಡಿಸಲಿಲ್ಲ.

ಈಗ ಅವ್ವನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಜವಾದ ಸಂಕಟ ಅಲ್ಲಿತ್ತು. ಅವ್ವನ ಗರ್ಭಕೋಶದಲ್ಲಿ ಗಡ್ಡೆಯಾಗಿತ್ತು. ರಕ್ತ ಹೋಗಿ ಹೋಗಿ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು, ಬಾವಿಕಟ್ಟೆಗೆ ಹೋಗಿ ಬಂದರೆ ಏದುಸಿರು. ಆಪರೇಶನ್ ಮಾಡಲೇಬೇಕು, ಇನ್ನೂ ತಡಮಾಡಿದರೆ ಜೀವಕ್ಕೇ ಕಷ್ಟ ಎಂದು ಚಾಮರಾಜನಗರದ ಡಾಕ್ಟರಮ್ಮ ಖಂಡತುಂಡವಾಗಿ ಹೇಳಿದ್ದರು. ಅವ್ವ ಮಾತ್ರ ಆಷಾಢ ಅಂದಳು, ಆಮೇಲೆ ಪಿತೃಪಕ್ಷ ಅಂದಳು, ಆಮೇಲೆ ಅರಿಶಿನ ಬೇಯಿಸಬೇಕು ಅಂದಳು. ನಮಗೆ ಅರಿಶಿನದ ಹೊಲವೇ ಇರಲಿಲ್ಲ, ಬೇಯಿಸುವವರು ಪಕ್ಕದ ಮನೆಯವರು. ಅಪ್ಪ ಹಿಂದೊಮ್ಮೆ ಹೊಟ್ಟೆನೋವೆಂದು ಮೈಸೂರಿನ ಆಸ್ಪತ್ರೆಗೆ ಸೇರಿ, ಆಪರೇಶನ್ ಆಗಿ, ವಾಪಸು ಬಂದಿರಲಿಲ್ಲ. ಅದನ್ನು ಅವ್ವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಕೊನೆಗೆ ತೆರಕಣಾಂಬಿ ದಾರಿಯ ಗುಡಿಗೆ ಹೋಗಿ ಮನೆದೇವರನ್ನೇ ಕೇಳೋಣ ಎಂದು ಒಪ್ಪಿದಳು. ನಮ್ಮಲ್ಲಿ ಅದಕ್ಕೆ ಹೂ ಕೇಳುವುದು ಎನ್ನುತ್ತಾರೆ. ದೇವರ ಮೈಮೇಲೆ ಒದ್ದೆ ಹೂ ಅಂಟಿಸಿ, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೂರಬೇಕು. ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಬಲಗಡೆಯದು ದೊಪ್ಪನೆ ಬಿತ್ತು. ಅವ್ವನ ಮುಖ ನೋಡಿದರೆ ಎಡಗಡೆಯದು ಬಿದ್ದ ಹಾಗಿತ್ತು. ಆದರೂ ದೇವರು ಕೊಟ್ಟ ಮಾತು, ಮುಂದಿನ ಬುಧವಾರ ಬಂದು ಸೇರುತ್ತೇವೆಂದು ಡಾಕ್ಟರಮ್ಮನಿಗೆ ಹೇಳಿ ಬಂದೆವು.

ಮರುದಿನ ಮಧ್ಯಾಹ್ನ ನಾವು ಆಟದಲ್ಲಿ ಪಾಳುಕೋಟೆಯೊಂದಕ್ಕೆ ನುಗ್ಗಿದೆವು. ಎದುರಿಗೆ ಬಂದದ್ದು ಒಂದೇ ಒಂದು ಬಾವಲಿ. ಟೈಲರ್ ಒಂದು ಏಟು ಕೊಟ್ಟರೆ ಅದರ ಕಥೆ ಮುಗಿಯುತ್ತದೆಂದು ನಾವು ಉಡಾಫೆಯಲ್ಲಿದ್ದೆವು. ಹಾರುವ ಪ್ರಾಣಿಗೆ ಸಾಲಿನ ಲೆಕ್ಕವಿಲ್ಲ, ಅದು ಮುಂದಿನವರ ತಲೆ ಮೇಲಿಂದ ದಾಟಿ ಹಿಂದಿನವರನ್ನು ಕಚ್ಚುತ್ತದೆ ಎಂಬ ನಿಯಮ ನಮಗೆ ಗೊತ್ತಿರಲಿಲ್ಲ. ಉಪವಾಸದಿಂದ ಸೊರಗಿದ್ದ ನಮ್ಮ ದೇವರು ಒಂದೇ ಕಡಿತಕ್ಕೆ ಅಡ್ಡ ಬಿದ್ದ. ನಾನು ಮನೆದೇವರ ಹೆಸರು ಹಿಡಿದು, ಅವನು ಸತ್ತೋದ ಎಂದು ಕೂಗಿಬಿಟ್ಟೆ. ತಿರುಗಿ ನೋಡಿದರೆ ಬಾಗಿಲಲ್ಲಿ ಟೀ ಲೋಟ ಹಿಡಿದುಕೊಂಡು ಅವ್ವ.

ಹಿಂದೆ ಉಳಿಸಿಟ್ಟ ಜಾಗದಿಂದ ಮತ್ತೆ ಆಡಿದರೆ ಆಯಿತಲ್ಲ ಎನ್ನುತ್ತೀರಿ. ಅಲ್ಲೇ ಇರುವುದು ಗ್ರಹಚಾರ. ನಮ್ಮೂರಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಆ ದೇವರಿಗೇ ಗೊತ್ತು. ಎರಡು ಸಾಲು ಬರೆದರೆ ಸೇವ್ ಮಾಡು ಎಂದು ಕಲಿಯುವವರಿಗೆ ನಾವೇ ತಲೆ ಮೇಲೆ ಮೊಟಕಿ ಕಲಿಸುತ್ತಿದ್ದೆವು. ಗೆಳೆಯನ ಬೆರಳಿಗೂ ಅದೇ ಚಟ. ದೇವರು ಬಿದ್ದ, ಇವನು ಸೇವ್ ಒತ್ತಿದ. ಆ ಆಟದಲ್ಲಿ ಉಳಿಸಲು ಇದ್ದದ್ದು ಒಂದೇ ಜಾಗ. ಸಾವು ಭದ್ರವಾಗಿ ಉಳಿಯಿತು.

ಅವ್ವ ಟೀ ಲೋಟ ಕೆಳಗಿಟ್ಟು, ಪರದೆಯ ಮೇಲೆ ಅಂಗಾತ ಮಲಗಿದ್ದವನನ್ನು ನೋಡಿದಳು. ಅದು ಆಟದ ಗೊಂಬೆ, ಬರೀ ಹೆಸರು ಎಂದು ನಾನು ಬಡಕೊಂಡೆ. ಅವ್ವ ಶಾಂತವಾಗಿ ಅಂದಳು:

“ನೆನ್ನೆ ಅಪ್ಪಣೆ ಕೊಟ್ಟ, ಇವತ್ತು ಓದ. ಅಪ್ಪಣೆ ಕೊಟ್ಟೋನೇ ಓದ್ಮೇಲೆ ಅಪ್ಪಣೆ ಎಲ್ಲೀದ್ಲಾ? ನಾನು ಆಪ್ರೇಸನ್‌ಗೆ ಬರಾಕಿಲ್ಲ.”

ಒಳಗೆ ಹೋದವಳು ಸಂಜೆ ದೀಪ ಹಚ್ಚಲಿಲ್ಲ. ಮನೆದೇವರು ಹೋದರೆ ಸೂತಕ ಯಾರಿಗೆ, ಎಷ್ಟು ದಿನ ಎಂದು ಬೀದಿಯಲ್ಲಿ ವಿಚಾರಿಸಿದಳು. ಯಾರಿಗೂ ಗೊತ್ತಿರಲಿಲ್ಲ, ಅಂಥ ಪ್ರಸಂಗ ಯಾರ ಮನೆಯಲ್ಲೂ ಬಂದಿರಲಿಲ್ಲ. ಎದುರು ಮನೆಯವರು ಯಾರೋ ನೆಂಟರು ತೀರಿಕೊಂಡರೆಂದು ತಿಳಿದು, ಸೆರಗು ಬಾಯಿಗಿಟ್ಟುಕೊಂಡು ಬಂದು, ವಯಸ್ಸೆಷ್ಟಾಗಿತ್ತು ಎಂದು ನನ್ನನ್ನು ಕೇಳಿದರು. ನಾನು ಏನು ಹೇಳಲಿ? ಬಾವಲಿಯ ಮೇಲಿದ್ದ ಸಿಟ್ಟೆಲ್ಲ ಅವರ ಮೇಲೆ ತೀರಿಸಿಕೊಂಡೆ.

ಗೆಳೆಯ ನನಗಿಂತ ತಾಳ್ಮೆಯವನು. ರಾತ್ರಿ ಆಟದ ನಿಯಮಗಳನ್ನೆಲ್ಲ ಓದಿಕೊಂಡು ಬೆಳಿಗ್ಗೆ ಬಂದ. ಸತ್ತವರನ್ನು ಎಬ್ಬಿಸುವುದಕ್ಕೆ ದಾರಿಯಿದೆ, ಕಾಡಿನಾಚೆ ಒಂದು ಗುಡಿಯಿದೆ, ಹೆಣವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಕು ಎಂದ. ಇದನ್ನು ಅವನು ಅವ್ವನಿಗೇ ಹೇಳಿದ. ಅವ್ವ, ಅಂಗಾದ್ರೆ ನಡೀರಿ ಎಂದಳು. ಹೇಳಿ ಕಳಿಸುತ್ತಾಳೆಂದು ನಾವು ತಿಳಿದರೆ, ಕುರ್ಚಿ ಎಳೆದುಕೊಂಡು ನಮ್ಮ ಮಧ್ಯೆಯೇ ಕೂತಳು.

ಅಲ್ಲಿಂದ ಆಟ ನಮ್ಮ ಕೈ ತಪ್ಪಿತು. ಮೊದಲು ಚೀಲದ ಗಲಾಟೆ. ಆಟದಲ್ಲಿ ಹೆಣವನ್ನೂ ಒಂದು ಸಾಮಾನಿನ ಹಾಗೆ ಚೀಲಕ್ಕೆ ಹಾಕಿಕೊಳ್ಳಬೇಕು. ಅದರಲ್ಲಿ ಮೊದಲೇ ಒಣಮಾಂಸ, ಇಲಿಬಾಲ, ರಕ್ತ ಮೆತ್ತಿದ ಕತ್ತಿಗಳು ಇದ್ದವು. ಅವುಗಳ ಪಕ್ಕ ದೇವರನ್ನು ತುರುಕುವುದನ್ನು ಅವ್ವ ಒಪ್ಪಲಿಲ್ಲ. ಎಲ್ಲ ಎಸೆಸಿದಳು. ತಿಂಗಳುಗಟ್ಟಲೆ ಆಡಿ ಗಳಿಸಿದ್ದ ಬೆಂಕಿ ಉಗುಳುವ ಕತ್ತಿಯನ್ನು ನಾನು ಕೈಯಾರೆ ಹಳ್ಳಕ್ಕೆ ಬಿಸಾಡಿದೆ. ದೇವರನ್ನು ಹೊರುವಷ್ಟು ಕಸುವಿದ್ದವನು ಟೈಲರ್ ಒಬ್ಬನೇ. ನಿಮ್ಮ ದೇವರಿಗೂ ಕೊನೆಗೆ ನಾನೇ ಹೆಗಲು ಕೊಡಬೇಕಾಯಿತು ನೋಡು ಎಂದು ಗೆಳೆಯ ಹಲ್ಲು ಕಿರಿದ.

ಎರಡನೆಯದು ಹೂವಿನ ಗಲಾಟೆ. ಅವ್ವ ದೇವರ ಗೂಡಿನಿಂದ ಮನೆದೇವರ ಫೋಟೊ ತಂದು ಮಾನಿಟರಿನ ನೆತ್ತಿಯ ಮೇಲೆ ಇಟ್ಟಳು. ಗಾಜಿಗೆ ಎರಡೂ ಕಡೆ ಒದ್ದೆ ಸೇವಂತಿಗೆಯ ಎಸಳು ಅಂಟಿಸಿದಳು. ಯಾವ ಪ್ರಾಣಿ ಎದುರಾದರೂ ಮೊದಲು ಹೂ ಕೇಳಬೇಕು. ಬಲ ಬಿದ್ದರೆ ಹೊಡೆ, ಎಡ ಬಿದ್ದರೆ ಓಡು. ಹೂ ಬೀಳುವವರೆಗೆ ರಾಕ್ಷಸರು ಮೇಲೆ ಕೆಳಗೆ ಉಸಿರಾಡುತ್ತಾ ಕಾಯುತ್ತಿದ್ದರು. ಟೈಪಿಂಗ್ ಕಲಿಯಲು ಬಂದ ಹುಡುಗಿಯರು ಚಪ್ಪಲಿ ಹೊರಗೆ ಬಿಟ್ಟು ಬಂದು, ಮಾನಿಟರಿಗೆ ಕೈಮುಗಿದು, ಅವ್ವನ ಹಿಂದೆ ನಿಂತು ಕಾಯುತ್ತಿದ್ದರು. ಬಯೋಡಾಟಾಗೆ ಬಂದವನೊಬ್ಬ ತನ್ನ ಕೆಲಸದ ವಿಷಯವನ್ನೂ ಒಂದು ಕೇಳಿಬಿಡಿ ಎಂದ. ಅವನಿಗೆ ಎಡ ಬಿತ್ತು, ಬಯೋಡಾಟಾ ಬೇಡವೆಂದು ಹೊರಟುಹೋದ.

ಹೂವಿಗೆ ಆಟದ ನಿಯಮ ಗೊತ್ತಿರಲಿಲ್ಲ. ಹೆಣ ಹೊತ್ತವನು ಓಡುವಂತಿಲ್ಲ, ಅದು ಆಟದ ಕಟ್ಟಳೆ. ಎಡ ಬಿದ್ದಾಗಲೆಲ್ಲ ಉಳಿದಿಬ್ಬರು ಕಾಲಿಗೆ ಬುದ್ಧಿ ಹೇಳುತ್ತಿದ್ದರು, ಟೈಲರ್ ದೇವರನ್ನು ಹೊತ್ತುಕೊಂಡು ಒಬ್ಬನೇ ನಿಲ್ಲುತ್ತಿದ್ದ. ಕೈಯಲ್ಲಿ ಕತ್ತಿಯೂ ಇಲ್ಲ. ಗುದ್ದುತ್ತಿದ್ದ. ಒಂದು ತೋಳವನ್ನು ಅವನು ಗುದ್ದಿ ಗುದ್ದಿ ಕೊಲ್ಲುವಷ್ಟರಲ್ಲಿ ಹೊರಗೆ ಊಟಿ ಬಸ್ಸುಗಳು ಎಷ್ಟೋ ಹೋದವು. ಕಾಡಿನ ದಾರಿಯಲ್ಲಿ ಅವ್ವನ ಸಲಹೆ ಬೇರೆ. ಬಂಡೀಪುರದಲ್ಲಿ ಹೇಗೋ ಇಲ್ಲೂ ಹಾಗೇ, ರಸ್ತೆ ಬಿಟ್ಟು ಇಳಿಯಬೇಡಿ, ಯಾವ ಪ್ರಾಣಿಯನ್ನೂ ಕಣ್ಣಿಟ್ಟು ನೋಡಬೇಡಿ ಎನ್ನುತ್ತಿದ್ದಳು.

ಭಾನುವಾರವೂ ಹೋಯಿತು. ಸೋಮವಾರ ಮಧ್ಯಾಹ್ನ ನಾವು ಇನ್ನೂ ಕಾಡಿನ ನಡುವೆ ಇದ್ದೆವು. ಅವ್ವ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿ ಕೂತಿದ್ದಳು, ತುಟಿ ಬಿಳಚಿಕೊಂಡಿತ್ತು. ಮತ್ತೆ ಎಡಗಡೆಯ ಎಸಳು ಬಿತ್ತು. ನನ್ನ ಪಿತ್ತ ನೆತ್ತಿಗೇರಿತು.

“ಫೋಟೊದಲ್ಲಿರೋನು ಹೂ ಕೊಡ್ತಾವ್ನೆ ಅಂದ್ರೆ ಅವ್ನು ಬದುಕವ್ನೆ ತಾನೆ? ಬದುಕಿದ್ರೆ ಅವ್ನು ಕೊಟ್ಟ ಅಪ್ಪಣೇನೂ ಅದೆ. ಮತ್ಯಾಕವ್ವ ಬರಾಕಿಲ್ಲ ಅಂತೀಯ?”

ಗೆಳೆಯ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಅವ್ವ ಸಿಟ್ಟಾಗಲಿಲ್ಲ. ಎದ್ದು ಮಾನಿಟರಿನ ಬಿಸಿಗೆ ಒಣಗಿದ ಎಸಳುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಹಾಕಿಕೊಂಡಳು.

“ಗೊತ್ತು ಕಣ್ಲಾ. ಅವ್ನು ಚೆನ್ನಾಗೇ ಅವ್ನೆ. ಎದ್ರಿಕೆ ಆಗಿರಾದು ನಂಗೆ. ಸೂಜಿ ಚುಚ್ಚಿ ಮಲಗುಸ್ತಾರಂತೆ. ಮಲಗ್ದೋಳು ಏಳ್ದೇ ಓದ್ರೆ? ಅಂಗೆ ಮಲಗ್ದೋರು ಎದ್ದದ್ದ ನಾನು ಕಣ್ಣಲ್ಲಿ ಕಂಡಿಲ್ಲ. ನಿಮ್ಮಪ್ಪ ಎದ್ದು ಬಂದ್ರಾ?”

ಇಷ್ಟು ದಿನ ನಾನು ಅವಳ ಮೂಢನಂಬಿಕೆಯ ಜೊತೆ ಗುದ್ದಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ಕೂತು ಕಾಯುತ್ತಿದ್ದದ್ದು ಒಂದನ್ನೇ. ಬಿದ್ದವನೊಬ್ಬ ಏಳುವುದನ್ನು ನೋಡಬೇಕಿತ್ತು, ಅವನು ಗೊಂಬೆಯಾದರೂ ಸರಿ. ಅಪ್ಪ ನೆನಪಾದರು, ಅಳು ಬಂತು. ಗೆಳೆಯ ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಳೆ ಗುಡಿ ಮುಟ್ಟಿಸುತ್ತೇನೆ ಅವ್ವ ಎಂದ.

ಮಂಗಳವಾರ ಗುಡಿ ಸಿಕ್ಕಿತು. ಒಳಗೆ ಬಿಳಿ ಗಡ್ಡದ ಪೂಜಾರಿ. ದೇವರನ್ನು ಚೀಲದಿಂದ ತೆಗೆದು ಕಲ್ಲಿನ ಮೇಲೆ ಮಲಗಿಸಿದೆವು. ಪೂಜಾರಿ ಇಂಗ್ಲಿಷಿನಲ್ಲಿ ಏನೋ ಹೇಳಿದ, ಓದಿದ ಗೆಳೆಯನ ಮುಖ ಕಪ್ಪಿಟ್ಟಿತು. ಎಬ್ಬಿಸುವ ಮಂತ್ರ ಎಲ್ಲ ಸಲವೂ ಫಲಿಸುವುದಿಲ್ಲ, ಫಲಿಸದಿದ್ದರೆ ದೇಹ ಬೂದಿಯಾಗುತ್ತದೆ, ಆಮೇಲೆ ಯಾರಿಂದಲೂ ಆಗದು. ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಕೆಟ್ಟರೆ ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಯುಪಿಎಸ್ಸಿನ ಗುಂಡಿ ಆರಿಸಿಬಿಡುತ್ತೇನೆ, ಕರೆಂಟ್ ಹೋಯಿತು ಅಂದುಬಿಡೋಣ, ಸೇವ್ ಆಗಿರುವುದಿಲ್ಲ, ಮತ್ತೆ ಎಬ್ಬಿಸಬಹುದು ಎಂದ. ಹೇಳಿ ಕಾಲನ್ನು ಮೆಲ್ಲಗೆ ಯುಪಿಎಸ್ ಹತ್ತಿರ ಚಾಚಿದ. ಅವ್ವ ನಮ್ಮಿಬ್ಬರನ್ನೂ ನೋಡಿದಳು. ಗುಸುಗುಸು ಬೇಡ, ಏನಿದ್ದರೂ ನನಗೆ ಹೇಳಿ ಎಂದಳು. ಗೆಳೆಯನಿಗೆ ಅವ್ವನೆದುರು ಸುಳ್ಳು ಬಾರದು. ಬೂದಿಯ ವಿಷಯ ಹೇಳಿಬಿಟ್ಟ.

“ಡಾಕ್ಟ್ರಮ್ಮನೂ ಇದ್ನೇ ಅಂದ್ರು,” ಎಂದಳು ಅವ್ವ. “ಆಗ್ತದೆ, ಆದ್ರೆ ಗ್ಯಾರಂಟಿ ಅಂತ ಯಾರೂ ಯೋಳಾಕಿಲ್ಲ ಅಂದ್ರು.”

ನಾನು ಹೊಸ ಎಸಳು ಅಂಟಿಸಲು ಎದ್ದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು.

“ಹೂ ಬ್ಯಾಡ. ಒತ್ತು.”

ಒತ್ತಿದೆ. ಪೂಜಾರಿ ಎರಡೂ ಕೈ ಮೇಲೆತ್ತಿದ. ಅದೇ ಹೊತ್ತಿಗೆ ಫ್ಯಾನ್ ನಿಂತಿತು, ಬೀದಿಯ ಗಿರಣಿಯ ಸದ್ದು ನಿಂತಿತು. ಹೋಯಿತೆಂದು ಸುಳ್ಳು ಹೇಳಬೇಕೆಂದಿದ್ದ ಕರೆಂಟ್ ನಿಜವಾಗಿಯೇ ಹೋಯಿತು. ಯುಪಿಎಸ್ ಕುಯ್ ಕುಯ್ ಎನ್ನತೊಡಗಿತು. ಅದೋ ಹಳೆಯ ಮುದುಕ, ಒಂದು ಕಾಗದ ಪ್ರಿಂಟ್ ಮಾಡುವಷ್ಟರಲ್ಲಿ ಕಣ್ಣು ಮುಚ್ಚುವಂಥದ್ದು. ಈ ಪೂಜಾರಿಗೋ ಅವಸರವೇ ಇಲ್ಲ. ಕೈ ಎತ್ತಿದ, ಇಳಿಸಿದ, ಸುತ್ತು ಬಂದ, ಮತ್ತೆ ಕೈ ಎತ್ತಿದ. ಗೆಳೆಯ ಇಷ್ಟೊತ್ತು ಆರಿಸಲು ಚಾಚಿದ್ದ ಕಾಲನ್ನು ಹಿಂದಕ್ಕೆಳೆದು, ನೆಲದಲ್ಲಿ ಕೂತು, ಯುಪಿಎಸ್ಸನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಉರ್ದುವಿನಲ್ಲಿ ಏನೋ ಬೇಡಿಕೊಳ್ಳುತ್ತಿದ್ದ. ನಮ್ಮ ಮನೆದೇವರ ಜೀವಕ್ಕಾಗಿ ಅವನು ತನ್ನ ದೇವರನ್ನು ಬೇಡುತ್ತಿದ್ದ. ಹಿಂದೆ ನಿಂತಿದ್ದ ಟೈಪಿಂಗ್ ಹುಡುಗಿಯರು ಮಾನಿಟರಿಗೆ ಮತ್ತೆ ಕೈಮುಗಿದರು.

ಕಲ್ಲಿನ ಮೇಲೆ ಬೆಳಕಾಯಿತು. ಮಲಗಿದ್ದವನು ಮೊಣಕೈ ಊರಿದ, ಕೂತ, ಎದ್ದು ನಿಂತ. ನಿಂತು ಎಲ್ಲರ ಹಾಗೆ ಮೇಲೆ ಕೆಳಗೆ ಉಸಿರಾಡತೊಡಗಿದ. ಕೆಳಗೊಂದು ಸಾಲು ಮೂಡಿತು, ನಾನು ಓದದೆ ಸೇವ್ ಒತ್ತಿದೆ. ಒತ್ತಿದ ಬೆನ್ನಿಗೇ ಪರದೆ ಕಪ್ಪಾಯಿತು.

ಆಮೇಲೆ ಅವ್ವ, ಕೊನೆಗೆ ಏನೋ ಬರೆದಿತ್ತಲ್ಲ, ಏನದು ಎಂದು ಕೇಳಿದಳು. ಗೆಳೆಯ ಅದನ್ನು ಓದಿಬಿಟ್ಟಿದ್ದ. ಎದ್ದವನ ಕಸುವು ಮೊದಲಿದ್ದಷ್ಟು ಇರುವುದಿಲ್ಲ ಅವ್ವ, ಅದರಲ್ಲಿ ಒಂದು ಅಂಕ ಕಮ್ಮಿಯಾಗಿದೆ, ಅದು ಮತ್ತೆ ಬರುವುದಿಲ್ಲ ಎಂದ. ಅವನನ್ನು ಸಾಯಿಸಿಬಿಡಬೇಕು ಅನ್ನಿಸಿತು ನನಗೆ. ಅಷ್ಟೊಂದು ಸತ್ಯ ಯಾರು ಕೇಳಿದ್ದರು? ಅವ್ವ ಮಾತ್ರ, ನಡೆಯುತ್ತಾನಾ, ಉಣ್ಣುತ್ತಾನಾ ಎಂದು ವಿಚಾರಿಸಿದಳು. ಎಲ್ಲ ಮಾಡುತ್ತಾನೆ ಎಂದೆವು.

“ಒಂದು ಓದ್ರೆ ಓಗ್ಲಿ ಬುಡು,” ಎಂದಳು. “ಎದ್ದನಲ್ಲ.”

ಫೋಟೊ ತೆಗೆದುಕೊಂಡು ಒಳಗೆ ಹೋದಳು. ಆ ಸಂಜೆ ದೇವರ ಗೂಡಿನಲ್ಲಿ ದೀಪ ಉರಿಯಿತು. ಬುಧವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿದವಳು ಅವಳೇ, ಸೀರೆ ಉಟ್ಟು ಬ್ಯಾಗು ಕಟ್ಟಿ ಸಿದ್ಧವಾಗಿದ್ದಳು. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸೀಟು, ನನಗೂ ಗೆಳೆಯನಿಗೂ ನಿಲ್ಲುವ ಜಾಗ. ಗುಡಿ ಬಂದಾಗ ಅವಳು ಕೈಮುಗಿಯಲಿಲ್ಲ, ಸುಮ್ಮನೆ ಗುರುತಿನವರನ್ನು ಕಂಡ ಹಾಗೆ ತಲೆ ಆಡಿಸಿದಳು.

ಮರುದಿನ ಆಪರೇಶನ್. ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಸಂತೆಮರಹಳ್ಳಿಗೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕ ಬಂದು ಬೆಂಚಿನ ಆ ತುದಿಯಲ್ಲಿ ಕೂತಿದ್ದಳು, ನಾವಿಬ್ಬರು ಈ ತುದಿಯಲ್ಲಿ. ಆಟದಲ್ಲಾದರೆ ಒತ್ತುವುದಕ್ಕೆ ಒಂದು ಗುಂಡಿಯಾದರೂ ಇರುತ್ತಿತ್ತು. ಇಲ್ಲಿ ನಮ್ಮ ಸರದಿ ಬರುವುದೇ ಇಲ್ಲ. ಗೆಳೆಯ ತನ್ನ ಅಪ್ಪನ ಗಿರಾಕಿಯೊಬ್ಬನ ಪ್ಯಾಂಟಿನ ಕಥೆ ಹೇಳುತ್ತಾ ಹೋದ. ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, ಎಲ್ಲ ಚೆನ್ನಾಗಿ ಆಯಿತು, ಗರ್ಭಕೋಶ ತೆಗೆದಿದ್ದೇವೆ ಎಂದಾಗಲೂ ನಾನು ನಂಬಲಿಲ್ಲ. ಕಣ್ಣಲ್ಲಿ ಕಾಣಬೇಕಿತ್ತು.

ಮಧ್ಯಾಹ್ನ ಬಾಗಿದ ಮೇಲೆ ಅವ್ವ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಗೆಳೆಯನನ್ನು ನೋಡಿದಳು, ಮತ್ತೆ ಮುಚ್ಚಿದಳು. ಮತ್ತೆ ಬಿಟ್ಟಳು. ನೀರು ಕೊಡುವಂತಿರಲಿಲ್ಲ, ಅಕ್ಕ ಒದ್ದೆ ಹತ್ತಿಯಲ್ಲಿ ತುಟಿ ಒರೆಸಿದಳು. ಅವ್ವ ಏನೋ ಹೇಳುತ್ತಿದ್ದಳು, ನಾನು ಬಗ್ಗಿ ಕಿವಿ ಇಟ್ಟೆ.

“ನಂಗೆಷ್ಟ್ಲಾ ಕಮ್ಮಿ ಆಯ್ತು?”

“ಒಂದೇ ಅವ್ವ.”

ಅವಳು ಸ್ವಲ್ಪ ಹೊತ್ತು ಚಾವಣಿಯ ಕಡೆ ನೋಡುತ್ತಾ ಲೆಕ್ಕ ಹಾಕಿದ ಹಾಗೆ ಕಂಡಳು. ಹಾಸಿಗೆಯ ಮೇಲೆ ಬೆರಳು ಸರಿಸಿ ನನ್ನ ಕೈ ಹುಡುಕಿದಳು.

“ಇನ್ಮ್ಯಾಕೆ ಅವನ್ನ ಇಂದೆ ನಿಲ್ಲುಸ್ಬ್ಯಾಡ ಕಣಪ್ಪ,” ಎಂದಳು. “ಮುಂದಿನ ಸಾಲ್ಗೆ ಬುಡು. ಬಿದ್ರೂ ಏಳ್ತಾನೆ.”